ಕೆಳಗ ಹಾರೋವಾಗ ಮಾತಾಡಿಸಬ್ಯಾಡ್ರಿ

ನಮ್ಮ ಹಾಸ್ಟೆಲ್ಲಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ವಿಮಾನಕ್ಕೆ ಅಪಾಯ ಹೆಚ್ಚಿರುವುದು ಯಾವಾಗ ಅಂತ. "ಭಾಳ ಮ್ಯಾಲ ಇದ್ದಾಗ ಮಾರಾಯಾ, ಅಲ್ಲಿಂದ ಬಿದ್ರ ಏನ್ ಉಳೀತೈತಿ?" ಅನ್ನುವವರೇ ಜಾಸ್ತಿ. ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ವಿಮಾನ ಹಾರಿಸುವವರ ಲೆಕ್ಕ ಬೇರೆ. ಅವರಿಗೆ ಎತ್ತರ ಅಂದರೆ ಸಮಯ. 35,000 ಅಡಿ ಮೇಲಿದ್ದಾಗ ಏನೋ ಒಂದು ಕೆಟ್ಟರೆ ಯೋಚನೆ ಮಾಡಲಿಕ್ಕೆ, ಪುಸ್ತಕ ತೆಗೆದು ನೋಡಲಿಕ್ಕೆ, ಕೆಳಗಿನವರನ್ನು ಕೇಳಲಿಕ್ಕೆ ಕೈಯಲ್ಲಿ ನಿಮಿಷಗಳಿರುತ್ತವೆ. 400 ಅಡಿಯಲ್ಲಿ ನಿಮಿಷಕ್ಕೆ 700 ಅಡಿಯಂತೆ ಇಳಿಯುತ್ತಿರುವ ವಿಮಾನಕ್ಕೆ ನೆಲ ಮುಟ್ಟಲು ಉಳಿದಿರುವುದು ಸುಮಾರು 34 ಸೆಕೆಂಡು. ಅಷ್ಟೇ.

ಇನ್ನೊಂದು ಸಣ್ಣ ಲೆಕ್ಕ. ಇಳಿಯುವ ಹೊತ್ತಿಗೆ ದೊಡ್ಡ ವಿಮಾನದ ವೇಗ ಸುಮಾರು 130 ನಾಟ್. ಅಂದರೆ ಸೆಕೆಂಡಿಗೆ 67 ಮೀಟರ್. ಪೈಲಟ್ ಮೂರು ಸೆಕೆಂಡು ಬೇರೆ ಕಡೆ ನೋಡಿದರೆ ವಿಮಾನ 200 ಮೀಟರ್ ಮುಂದೆ ಹೋಗಿರುತ್ತದೆ. 100 ನಾಟ್ ವೇಗದ ಹೆಲಿಕಾಪ್ಟರ್ ಆದರೆ 150 ಮೀಟರ್. ಹೊಲದಲ್ಲಿ ಎಣ್ಣಿ ಹೊಡೆಯುವ ಡ್ರೋನ್ ಸೆಕೆಂಡಿಗೆ 5 ಮೀಟರ್ ಹೋಗುತ್ತಿದ್ದರೆ 15 ಮೀಟರ್. ಹದಿನೈದು ಮೀಟರ್ ಅಂದರೆ ಏನು ಮಹಾ ಅನಿಸಬಹುದು. ಹೊಲದ ಬದುವಿನ ಮೇಲಿನ ಬೇವಿನ ಗಿಡ ಇರುವುದು ಅಷ್ಟರಲ್ಲೇ. ಕರೆಂಟಿನ ವೈರ್ ಇರುವುದೂ ಅಷ್ಟರಲ್ಲೇ.

ನಾನು ಇನ್ನೂ ವಿಮಾನ ಹತ್ತಿಲ್ಲ. ಹಾರಾಟದ ಬಗ್ಗೆ ನನಗೆ ಗೊತ್ತಾಗಿರುವುದರಲ್ಲಿ ಅರ್ಧ ಓದಿದ್ದು, ಇನ್ನರ್ಧ ನಮ್ಮ ಅತ್ತಿಗೆಯ ಡ್ರೋನ್ ನೋಡಿ ಕಲಿತಿದ್ದು. ನಮ್ಮದು ಇಳಕಲ್ಲು. ದೊಡ್ಡಪ್ಪನ ಮನೆಯವರು ಹುನಗುಂದದ ಕಡೆ ಎರಿ ಹೊಲ ಮಾಡಿಕೊಂಡಿದ್ದಾರೆ. ಅವರ ಸೊಸೆ, ಅಂದರೆ ನನ್ನ ಅತ್ತಿಗೆ, ಮಹಿಳಾ ಸ್ವಸಹಾಯ ಸಂಘದಲ್ಲಿದ್ದಾರೆ. 2023ರ ಕೊನೆಗೆ ಕೇಂದ್ರ ಸರ್ಕಾರ ನಮೋ ಡ್ರೋನ್ ದೀದಿ ಯೋಜನೆ ತಂದಿತಲ್ಲ, ಸಂಘಗಳಿಗೆ ಡ್ರೋನ್ ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ಕೊಡುವ ಯೋಜನೆ, ಅದರಲ್ಲಿ ಇವರ ಸಂಘಕ್ಕೂ ಒಂದು ಡ್ರೋನ್ ಬಂತು. ಹದಿನೈದು ದಿನ ತರಬೇತಿ ಮುಗಿಸಿ ಅತ್ತಿಗೆ ರಿಮೋಟ್ ಪೈಲಟ್ ಆದರು. ಊರಲ್ಲಿ ಅವರ ಹೆಸರು ಈಗ "ಡ್ರೋನ್ ಅಕ್ಕ". ರಜೆಯಲ್ಲಿ ನಾನು ಅವರ ಅಸಿಸ್ಟಂಟ್: ನೀರು ತರುವುದು, ಔಷಧ ಕಲಸುವುದು, ಬ್ಯಾಟರಿ ಬದಲಿಸುವುದು ನನ್ನ ಕೆಲಸ.

ನೋಡದವರಿಗೆ ಹೇಳುತ್ತೇನೆ. ಈ ಡ್ರೋನಿನ ಟ್ಯಾಂಕಿನಲ್ಲಿ ಹತ್ತು ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ ಹತ್ತು ನಿಮಿಷದೊಳಗೆ ಹೊಡೆದು ಮುಗಿಸುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದರೆ ಅದೇ ಎಕರೆಗೆ ಅರ್ಧ ದಿನ ಬೇಕು, ಹೊಡೆದವನ ಮೈಕೈಗೆಲ್ಲ ವಿಷ ಬೇರೆ. ನಿಯಮದ ಪ್ರಕಾರ ಹಸಿರು ವಲಯದಲ್ಲಿ ಡ್ರೋನ್ 400 ಅಡಿವರೆಗೆ ಹೋಗಬಹುದು. ಆದರೆ ಎಣ್ಣಿ ಹೊಡೆಯುವ ಡ್ರೋನ್ ಅಷ್ಟು ಮೇಲೆ ಹೋಗಿ ಮಾಡುವುದೇನೂ ಇಲ್ಲ. ಗಾಳಿಗೆ ಔಷಧ ಪಕ್ಕದ ಹೊಲಕ್ಕೆ ಹೋಗಬಾರದು ಅಂದರೆ ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲೇ ಹಾರಬೇಕು. ಕೆಳಮಟ್ಟದ ಹಾರಾಟ ಅನ್ನುವ ಮಾತಿಗೆ ಇದಕ್ಕಿಂತ ಕೆಳಗಿನ ಉದಾಹರಣೆ ನನಗೆ ಗೊತ್ತಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಹುನಗುಂದದ ಹತ್ತಿರ ಒಬ್ಬರ ತೊಗರಿ ಹೊಲಕ್ಕೆ ಹೋಗಿದ್ದೆವು. ತೊಗರಿ ಹೂವಿಗೆ ಬಂದಿತ್ತು, ಕಾಯಿಕೊರಕದ ಹಾವಳಿ ಶುರುವಾಗಿತ್ತು. ಹೊಲದ ನಡುಭಾಗವನ್ನು ಡ್ರೋನ್ ತಾನೇ ಗೆರೆ ಹೊಡೆದಂಗೆ ಮಾಡಿ ಮುಗಿಸಿತು. ಮೂಲೆಯಲ್ಲಿ ಬೋರ್‌ವೆಲ್ಲು, ಅದಕ್ಕೆ ಹೋಗುವ ಸರ್ವಿಸ್ ವೈರ್ ಇತ್ತು. ಅಂಥ ಜಾಗದಲ್ಲಿ ಅತ್ತಿಗೆ ಆಟೋದಿಂದ ತೆಗೆದು ಕೈಯಿಂದಲೇ ನಡೆಸುತ್ತಾರೆ. ಸೆನ್ಸರ್ ಇದ್ದರೂ ತೆಳ್ಳಗಿನ ವೈರ್ ಅದಕ್ಕೆ ಕಾಣುವುದೇ ಕಷ್ಟ. ಅಲ್ಲಿ ಇರುವ ಸೆನ್ಸರ್ ಅಂದರೆ ಅತ್ತಿಗೆಯ ಎರಡು ಕಣ್ಣು.

ಅದೇ ಹೊತ್ತಿಗೆ ಹೊಲದವರ ಕಡೆಯ ಹಿರಿಯರೊಬ್ಬರು ಹಿಂದಿನಿಂದ ಬಂದರು. ಕೈಯಲ್ಲಿ ಚಹಾದ ಕಪ್ಪು. ಒಳ್ಳೇ ಮನುಷ್ಯ. ಬೆಳಗಿನಿಂದ ಹೆಣ್ಣುಮಗಳು ಬಿಸಿಲಲ್ಲಿ ನಿಂತಾಳೆ ಅಂತ ಅವರೇ ಹೇಳಿ ಚಹಾ ಮಾಡಿಸಿದ್ದರು.

"ಅವ್ವಾ, ಚಾ ತಗೋ. ಅಂದಂಗ ಆಚಿ ಕಡಿ ಹೊಲಾ ನಾಳೆ ಆಗತೈತೇನ?"

"ಆಗತೈತ್ರಿ ಕಾಕಾ" ಅಂದರು ಅತ್ತಿಗೆ, ಅರ್ಧ ಕುತ್ತಿಗೆ ತಿರುಗಿಸಿ.

ಎರಡೇ ಪದ. ಹಿರಿಯರು ಮಾತಾಡಿಸಿದಾಗ ಮುಖ ನೋಡದೆ ಉತ್ತರ ಕೊಡುವುದು ನಮ್ಮ ಕಡೆ ಸೊಸೆಯಾದವಳಿಗೆ ಕಲಿಸಿದ ಪಾಠ ಅಲ್ಲ. ನಾನು ಆ ಕಡೆ ಡ್ರಮ್ಮಿನ ಹತ್ತಿರ ಇದ್ದೆ. ಟಪ್ ಅಂತ ಒಂದು ಸದ್ದು, ವೈರ್ ಹಗ್ಗದ ಹಂಗೆ ಜಗ್ಗಿತು. ಡ್ರೋನ್ ಒಂದು ಸಲ ಮಗ್ಗಲು ಹೊರಳಿ ಕೆಳಗೆ ಬಿತ್ತು. ಬದುವಿನ ಮೇಲೆ ಆ ಮನೆಯ ಮೊಮ್ಮಗ, ನಾಲ್ಕನೇ ಕ್ಲಾಸಿನ ಹುಡುಗ, ನೋಡುತ್ತಾ ನಿಂತಿದ್ದ. ಬಿದ್ದ ಜಾಗದಿಂದ ಅವನು ನಾಲ್ಕು ಮಾರು ದೂರ ಇದ್ದ. ರೆಕ್ಕೆಗಳು ಮಣ್ಣು ಹೊಡೆಯುತ್ತಾ ಇನ್ನೂ ತಿರುಗುತ್ತಿದ್ದವು.

ಹುಡುಗನಿಗೆ ಏನೂ ಆಗಲಿಲ್ಲ. ಡ್ರೋನಿನ ಒಂದು ತೋಳು, ಎರಡು ರೆಕ್ಕೆ, ಸ್ಪ್ರೇ ಪೈಪು ಹೋದವು. ಬಿಡಿಭಾಗ ಬಂದು, ರಿಪೇರಿಯಾಗಿ, ವಿಮೆಯ ಕಾಗದ ಓಡಾಡಿ ಮುಗಿಯುವಷ್ಟರಲ್ಲಿ ತೊಗರಿಯ ಸೀಸನ್ನೇ ಮುಗಿದಿತ್ತು. ಎಕರೆಗೆ 400 ರೂಪಾಯಿಯಂತೆ ದಿನಕ್ಕೆ ಹತ್ತು ಎಕರೆ ಅಂದುಕೊಳ್ಳಿ, ಮೂರು ವಾರದ ಲೆಕ್ಕ ನೀವೇ ಹಾಕಿ. ಆ ದುಡ್ಡು ಅತ್ತಿಗೆಯದೊಂದೇ ಅಲ್ಲ, ಹತ್ತು ಜನ ಹೆಂಗಸರದು.

ಸಂಘದ ಮೀಟಿಂಗಿನಲ್ಲಿ ಜಗಳ ಆಯಿತು. "ಹಾರಸಾಕ್ಕಿ ನೀನು, ಲಕ್ಷ್ಯ ನಿಂದ ಇರಬೇಕಿತ್ತು" ಅಂದರು ಕೆಲವರು. "ಆ ಮುದುಕಪ್ಪ ಬಂದು ಮಾತಾಡಿಸಿದ್ದಕ್ಕ ಆತು" ಅಂದರು ಇನ್ನು ಕೆಲವರು. ಅತ್ತಿಗೆ ಯಾರ ಮೇಲೂ ಹಾಕಲಿಲ್ಲ. ಆದರೆ ಅವತ್ತು ರಾತ್ರಿ ನನ್ನನ್ನು ಕೇಳಿದರು: "ತಮ್ಮಾ, ನೀ ಎಂಜಿನಿಯರಿಂಗ್ ಓದಾಕತ್ತಿ. ವಿಮಾನದಾಗ ಹಿಂಗ ಯಾರರ ಬಂದು ಮಾತಾಡಿಸಿದ್ರ ಪೈಲಟ್ ಏನ್ ಮಾಡ್ತಾನ?"

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದೆ. ಹುಡುಕಿದಾಗ ಮೊದಲು ಸಿಕ್ಕಿದ್ದು ನಮ್ಮ ಬೆಂಗಳೂರಿನದೇ ಕಥೆ.

1990ರ ಫೆಬ್ರುವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ 605 ನಂಬರಿನ ವಿಮಾನ ಬೆಂಗಳೂರಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಏರ್‌ಬಸ್ ಎ320, ಆಗ ನಮ್ಮ ದೇಶಕ್ಕೆ ಹೊಸದು. ಆ ವಿಮಾನ ಸೇವೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತು, ಹವಾಮಾನ ಚೆನ್ನಾಗಿತ್ತು, ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ಎಂಜಿನ್ನಿನಲ್ಲಿ ದೋಷ ಇರಲಿಲ್ಲ. ಆದರೂ ವಿಮಾನ ರನ್‌ವೇ ಮುಟ್ಟದೆ ಈಚೆಗಿನ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಜನ ತೀರಿಹೋದರು.

ಆಗಿದ್ದು ಏನು? ಇಳಿಯುವಾಗ ವೇಗ ಕಡಿಮೆಯಾದರೆ ತಾನೇ ಶಕ್ತಿ ಹೆಚ್ಚಿಸುವ ವ್ಯವಸ್ಥೆ ಆ ವಿಮಾನದಲ್ಲಿದೆ. ಆದರೆ ಕೊನೆಯ ಹಂತದಲ್ಲಿ ಅದು ಬೇರೆ ಮೋಡಿಗೆ ಹೋಗಿತ್ತು. ಆ ಮೋಡಿನಲ್ಲಿ ಎಂಜಿನ್ ಐಡಲ್‌ನಲ್ಲೇ ಇರುತ್ತದೆ. ಇಳಿಯುವ ದಾರಿ ತಪ್ಪದಿರಲಿ ಅಂತ ಮೂಗು ಎತ್ತಿದಷ್ಟೂ ವೇಗ ಸೋರುತ್ತಾ ಹೋಯಿತು. 132 ನಾಟ್ ಇರಬೇಕಾದದ್ದು 106ಕ್ಕೆ ಬಂತು. ಕಾಕ್‌ಪಿಟ್ಟಿನಲ್ಲಿ ಇಬ್ಬರು ಅನುಭವಿ ಪೈಲಟ್‌ಗಳಿದ್ದರು. ಆ ಕೊನೆಯ ಅರ್ಧ ನಿಮಿಷದಲ್ಲಿ ಅವರ ಮಾತು ನಡೆದಿದ್ದು ಯಾವ ಮೋಡ್ ಇದೆ, ಯಾರ ಫ್ಲೈಟ್ ಡೈರೆಕ್ಟರ್ ಆಫ್ ಆಗಿದೆ, ಯಾರದ್ದು ಆಗಿಲ್ಲ ಅನ್ನುವುದರ ಬಗ್ಗೆ. ಯಂತ್ರ 400, 300, 200 ಅಂತ ಎತ್ತರವನ್ನು ಎಣಿಸಿ ಹೇಳುತ್ತಲೇ ಇತ್ತು. ಶಕ್ತಿ ಹೆಚ್ಚಿಸಿದಾಗ ಹೊತ್ತು ಮೀರಿತ್ತು. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರಲಿಕ್ಕೆ ಕೆಲವು ಸೆಕೆಂಡು ಬೇಕೇ ಬೇಕು, ಅಷ್ಟು ಸೆಕೆಂಡು ಅವರ ಹತ್ತಿರ ಉಳಿದಿರಲಿಲ್ಲ.

ಇದರಲ್ಲಿ ನಮ್ಮಂಥ ಓದುವವರು ನಿಂತು ನೋಡಬೇಕಾದ ಒಂದು ವಿಷಯ ಇದೆ. ಆ ಮೋಡ್ ಹೇಗೆ ಬಂತು ಅನ್ನುವುದಕ್ಕೆ ವಿಚಾರಣೆಯಲ್ಲಿ ಚರ್ಚೆಯಾದ ಒಂದು ಸಾಧ್ಯತೆ ಹೀಗಿದೆ: ಇಳಿಯುವ ದರ ಹೊಂದಿಸುವ ಗುಂಡಿ ತಿರುಗಿಸುವ ಬದಲು ಪಕ್ಕದಲ್ಲೇ ಇದ್ದ ಎತ್ತರ ಹೊಂದಿಸುವ ಗುಂಡಿ ತಿರುಗಿಸಿರಬಹುದು. ಎರಡೂ ಅಕ್ಕಪಕ್ಕ. ನಾವು ಲ್ಯಾಬಿನಲ್ಲಿ ಪ್ಯಾನೆಲ್ ವೈರಿಂಗ್ ಮಾಡುವಾಗ "ಗುಂಡಿ ಎಲ್ಲಿಟ್ಟರೇನು, ಕೆಲಸ ಮಾಡಿದರೆ ಸಾಕು" ಅನ್ನುತ್ತೇವಲ್ಲ, ಆ ಮಾತನ್ನು ಇನ್ನೊಮ್ಮೆ ಯೋಚಿಸಬೇಕು.

ಎರಡನೇ ಕಥೆ ಅಮೆರಿಕದ್ದು. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸಿನ 401 ವಿಮಾನ ಮಯಾಮಿಯಲ್ಲಿ ಇಳಿಯಲು ಹೊರಟಿತ್ತು. ಮುಂದಿನ ಗಾಲಿ ಇಳಿದಿದೆ ಅಂತ ತೋರಿಸುವ ಸಣ್ಣ ದೀಪ ಹತ್ತಲಿಲ್ಲ. 2,000 ಅಡಿಯಲ್ಲಿ ಆಟೋಪೈಲಟ್ ಹಾಕಿ ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಒಬ್ಬರು ಅದನ್ನು ಕಿತ್ತು ನೋಡುತ್ತಾರೆ, ಇನ್ನೊಬ್ಬರು ಗಾಲಿ ನೋಡಲು ಕೆಳಗೆ ಇಳಿಯುತ್ತಾರೆ. ಈ ನಡುವೆ ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟಿತ್ತು. ವಿಮಾನ ನಿಧಾನಕ್ಕೆ ಇಳಿಯುತ್ತಾ ಇತ್ತು, ಕೆಳಗೆ ಕತ್ತಲೆಯ ಜೌಗು. ಎಚ್ಚರಿಕೆಯ ಗಂಟೆ ಒಮ್ಮೆ ಬಾರಿಸಿತು, ಯಾರ ಕಿವಿಗೂ ಬೀಳಲಿಲ್ಲ. ನೂರರಷ್ಟು ಜನ ಹೋದರು. ಗಾಲಿ ಸರಿಯಾಗಿಯೇ ಇಳಿದಿತ್ತು. ಸುಟ್ಟಿದ್ದು ಬಲ್ಬು.

ಮೂರನೆಯದು ನಮ್ಮ ನೆರೆಯ ಆಂಧ್ರದ್ದು, ನೀವು ಕೇಳಿರುತ್ತೀರಿ. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಹೈದರಾಬಾದಿನಿಂದ ಚಿತ್ತೂರಿಗೆ ಹೊರಟು ನಲ್ಲಮಲ ಕಾಡಿನಲ್ಲಿ ಬಿತ್ತು. ಒಳಗಿದ್ದ ಐದೂ ಜನ ಸತ್ತರು. ಮಳೆಗಾಳಿ ಜೋರಿತ್ತು, ಅದು ಮುಖ್ಯ ಕಾರಣವೇ. ಆದರೆ ತನಿಖೆಯಲ್ಲಿ ಇನ್ನೊಂದು ಸಂಗತಿ ಬಂತು: ಅಂಥ ಹವಾಮಾನದ ನಡುವೆ ಪೈಲಟ್‌ಗಳು ಗೇರ್‌ಬಾಕ್ಸಿನ ಆಯಿಲ್ ಒತ್ತಡದ ಸಮಸ್ಯೆಗೆ ಪುಸ್ತಕದಲ್ಲಿ ಪರಿಹಾರ ಹುಡುಕುವುದರಲ್ಲಿ ಹಲವು ನಿಮಿಷ ಮುಳುಗಿದ್ದರು.

ಮೂರೂ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಯಾರೂ ಮೊಬೈಲ್ ನೋಡುತ್ತಿರಲಿಲ್ಲ, ಯಾರೂ ಮೋಜು ಮಾಡುತ್ತಿರಲಿಲ್ಲ. ಎಲ್ಲರೂ ಕೆಲಸವನ್ನೇ ಮಾಡುತ್ತಿದ್ದರು. ಗಮನ ತಪ್ಪಿಸಿದ್ದು ಆಲಸ್ಯ ಅಲ್ಲ, ಒಂದು ಸಣ್ಣ ನ್ಯಾಯವಾದ ಕೆಲಸ. ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಕೆಲಸ ಇತ್ತು, ಅಷ್ಟೇ. ಹುನಗುಂದದ ಹೊಲದಲ್ಲಿ ಚಹಾ ತಂದ ಹಿರಿಯರೂ ಇದೇ ಸಾಲಿಗೆ ಸೇರುತ್ತಾರೆ. ಚಹಾ ಕೊಡುವುದು ತಪ್ಪೇ? ತಪ್ಪಲ್ಲ. ವೈರಿನ ಹತ್ತಿರ ಕೊಟ್ಟಿದ್ದು ಹೊತ್ತಲ್ಲದ ಹೊತ್ತಾಯಿತು.

ಹಂಗಾದರೆ ಉಪಾಯ ಏನು? "ಇನ್ನೂ ಲಕ್ಷ್ಯ ಕೊಟ್ಟು ಹಾರಸ್ರಿ" ಅಂತ ಪೈಲಟ್‌ಗೆ ಹೇಳುವುದು ಸುಲಭ, ಅದರಿಂದ ಆಗುವುದು ಕಡಿಮೆ. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇನ್ನೊಂದು ವಿಮಾನ ಮಂಜಿನಲ್ಲಿ ಇಳಿಯುವಾಗ ಬಿತ್ತು, 70ಕ್ಕೂ ಹೆಚ್ಚು ಜನ ಸತ್ತರು. ಇಳಿಯುವ ಹೊತ್ತಿನಲ್ಲೂ ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಹರಟುತ್ತಿದ್ದರು. ಇಂಥ ಹಲವು ಅಪಘಾತ ನೋಡಿದ ಮೇಲೆ 1981ರಲ್ಲಿ ಅಲ್ಲಿ ಒಂದು ನಿಯಮ ಬಂತು. ಅದಕ್ಕೆ ಸ್ಟೆರೈಲ್ ಕಾಕ್‌ಪಿಟ್ ನಿಯಮ ಅನ್ನುತ್ತಾರೆ. 10,000 ಅಡಿಗಿಂತ ಕೆಳಗೆ, ಏರುವಾಗ ಮತ್ತು ಇಳಿಯುವಾಗ, ವಿಮಾನ ಸುರಕ್ಷಿತವಾಗಿ ನಡೆಸಲಿಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಮಾತಿಲ್ಲ, ಬೇರೆ ಕೆಲಸ ಇಲ್ಲ. ಈ ನಿಯಮ ಪೈಲಟ್‌ನನ್ನು ಮಾತ್ರ ಕಟ್ಟುವುದಿಲ್ಲ. ಗಗನಸಖಿಯರೂ ಆ ಹೊತ್ತಿನಲ್ಲಿ ಊಟ ಬೇಕಾ, ಚಹಾ ಬೇಕಾ ಅಂತ ಕಾಕ್‌ಪಿಟ್ಟಿಗೆ ಕರೆ ಮಾಡುವಂತಿಲ್ಲ. ನನಗೆ ಹಿಡಿಸಿದ್ದು ಈ ಭಾಗ. ಗಮನ ಅನ್ನುವುದು ಪೈಲಟ್‌ನ ತಲೆಯೊಳಗೆ ಇರುವ ಸ್ವಂತ ಆಸ್ತಿ ಅಂತ ನಾವು ತಿಳಿದಿದ್ದೇವೆ. ಅದನ್ನು ಕಾಯುವ ಕೆಲಸದಲ್ಲಿ ಅರ್ಧ ಸುತ್ತಲಿನವರದು.

ಇದನ್ನು ಅತ್ತಿಗೆಗೆ ಹೇಳಿದೆ. ಅವರು ನಕ್ಕು, "ಇದಕ್ಕ ಅಮೆರಿಕಾ ಯಾಕ ಬೇಕೋ? ನಿಮ್ಮ ಮನ್ಯಾಗ ಮಗ್ಗದ ಮುಂದ ಇದ ಅಲ್ಲೇನು?" ಅಂದರು.

ನಿಜ. ಇಳಕಲ್ಲಿನಲ್ಲಿ ಹುಟ್ಟಿದವರಿಗೆ ಇದು ಗೊತ್ತಿರುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ನಮ್ಮಜ್ಜ ಕೊಂಡಿ ಹಾಕಲು ಕುಂತರೆ ಅಜ್ಜಿ ಬಾಗಿಲಲ್ಲೇ ನಿಂತು ಬಂದವರನ್ನು ತಡೆಯುತ್ತಿದ್ದಳು. "ಸಾವ್ಕಾರ ಬಂದಾನ" ಅಂದರೂ "ಕುಂದರಸ್ರಿ, ಕೊಂಡಿ ಹಾಕಾಕತ್ತಾರ" ಅನ್ನುತ್ತಿದ್ದಳು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಕಾಣುತ್ತದೆ. ಅಜ್ಜನ ಲಕ್ಷ್ಯವನ್ನು ಅಜ್ಜ ಒಬ್ಬನೇ ಕಾಯುತ್ತಿರಲಿಲ್ಲ, ಮನೆ ಮಂದಿಯೆಲ್ಲ ಕಾಯುತ್ತಿದ್ದರು. ಯಾರೂ ಅದಕ್ಕೆ ನಿಯಮ ಅಂತ ಹೆಸರಿಟ್ಟಿರಲಿಲ್ಲ.

ಡ್ರೋನ್ ರಿಪೇರಿಯಾಗಿ ಬಂದ ಮೇಲೆ ಅತ್ತಿಗೆ ತಮ್ಮದೇ ಪದ್ಧತಿ ಮಾಡಿಕೊಂಡರು. ಹೊಲಕ್ಕೆ ಹೋದ ಕೂಡಲೇ ಮೊದಲು ಒಂದು ಸುತ್ತು ನಡೆದು ವೈರ್, ಗಿಡ, ಕಂಬ ಎಲ್ಲಿವೆ ನೋಡುತ್ತಾರೆ. ತಾವು ನಿಲ್ಲುವ ಜಾಗದ ಸುತ್ತ ಕೆಂಪು ಹಗ್ಗ ಕಟ್ಟುತ್ತಾರೆ. ಹಗ್ಗದ ಒಳಗೆ ಅವರು ಒಬ್ಬರೇ. ಹಗ್ಗದ ಹೊರಗೆ ಕಾವಲಿಗೆ ನಮ್ಮ ದೊಡ್ಡವ್ವ. ಅರವತ್ತು ದಾಟಿದ ದೊಡ್ಡವ್ವನಿಗೆ ಡ್ರೋನಿನ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಆಕೆಯ ಕೆಲಸ ಒಂದೇ: ಬಂದವರಿಗೆ "ಈಗ ಮಾತಾಡಿಸಬ್ಯಾಡ್ರಿ, ಅದು ಇಳದ ಮ್ಯಾಲ ಕೇಳ್ರಿ" ಅನ್ನುವುದು. ಚಹಾ ಬಂದರೆ ತಾನೇ ಇಸಿದುಕೊಂಡು ಮುಚ್ಚಿಡುತ್ತಾಳೆ. ಅತ್ತಿಗೆಯ ಮೊಬೈಲೂ ಆಕೆಯ ಎಲಿಅಡಿಕಿ ಚೀಲದಲ್ಲೇ ಇರುತ್ತದೆ. ಸೊಸೆ ಹಿರಿಯರಿಗೆ ಉತ್ತರ ಕೊಡಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಉತ್ತರ ಕೊಡುವುದು ಅತ್ತೆ!

ಸುಮ್ಮನಿರುವುದು ಒಂದು ಭಾಗ. ಇನ್ನೊಂದು ಭಾಗವೂ ಇದೆ. ಮಯಾಮಿಯ ಕಥೆಯಲ್ಲಿ ನಾನು ಹೇಳದೆ ಬಿಟ್ಟಿದ್ದ ಒಂದು ತುಂಡು ಇದೆ. ಆ ರಾತ್ರಿ ನೆಲದ ಮೇಲಿದ್ದ ಕಂಟ್ರೋಲರ್‌ಗೆ ರೇಡಾರಿನಲ್ಲಿ ವಿಮಾನ 900 ಅಡಿಯಲ್ಲಿರುವುದು ಕಂಡಿತ್ತು. ಅವನು ಕೇಳಿದ್ದು, ಅಲ್ಲಿ ಎಲ್ಲ ಹೇಗೆ ನಡೆದಿದೆ ಅನ್ನುವ ಅರ್ಥದ ಮಾತು. ಪೈಲಟ್‌ಗಳು ಅದನ್ನು ದೀಪದ ವಿಷಯ ಅಂದುಕೊಂಡು ಉತ್ತರ ಕೊಟ್ಟರು. "ನಿಮ್ಮ ಎತ್ತರ 900 ಅಡಿ" ಅಂತ ನೇರವಾಗಿ ಹೇಳಿದ್ದರೆ ಅವರ ಕಣ್ಣು ಆ ಮೀಟರಿನ ಕಡೆ ಹೋಗುತ್ತಿತ್ತೇನೋ. ಹಾಗಾಗಿ ಬೇಡದ ಮಾತು ಆಡಬಾರದು ಅನ್ನುವಷ್ಟೇ ಮುಖ್ಯ, ಬೇಕಾದ ಮಾತನ್ನು ಸುತ್ತಿ ಬಳಸದೆ ಹೇಳುವುದು. ಅತ್ತಿಗೆಯ ಹೊಲದಲ್ಲಿ ಹಗ್ಗದ ಹೊರಗಿನವರಿಗೆ ಮೂರೇ ಪದಕ್ಕೆ ಅನುಮತಿ: "ವೈರ್", "ಮಂದಿ", "ನಿಲ್ಸು". ಈ ಮೂರನ್ನು ಯಾರು ಬೇಕಾದರೂ, ಎಷ್ಟು ಜೋರಾಗಿ ಬೇಕಾದರೂ ಕೂಗಬಹುದು. ಹುಡುಗರೂ ಕೂಗಬಹುದು.

ಇದು ಉಪಯೋಗಕ್ಕೆ ಬಂದಿದ್ದು ಬಾದಾಮಿಯಲ್ಲಿ. ಬನಶಂಕರಿ ರಸ್ತೆಯ ಪಕ್ಕ ಒಬ್ಬರ ಗೋವಿನಜೋಳದ ಹೊಲಕ್ಕೆ ಕರೆದಿದ್ದರು. ರಸ್ತೆ ಪಕ್ಕ ಅಂದ ಮೇಲೆ ಕೇಳಬೇಕೇ? ಗುಡಿಗೆ ಹೋಗುವವರು ಬೈಕ್ ನಿಲ್ಲಿಸಿದರು, ಗುಹೆ ನೋಡಿ ಬಂದವರು ಕಾರ್ ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಜಾತ್ರೆ. ಒಬ್ಬ ಮೊಬೈಲ್ ಹಿಡಿದು ಹಗ್ಗ ದಾಟಲು ಹೊರಟ. "ಅಕ್ಕಾ, ಒಂದ್ ರೀಲ್ಸ್, ಈ ಕಡೆ ನೋಡ್ರಿ" ಅಂದ. ದೊಡ್ಡವ್ವ ಅವನ ರಟ್ಟೆ ಹಿಡಿದು, "ಅದು ಇಳೀಲಿ ತಮ್ಮಾ, ನಿನ್ನ ಕೂಡ ನಾನೂ ಫೋಟೋ ತಗಸ್ತೀನಿ" ಅಂದಳು. ಎಲ್ಲರೂ ನಕ್ಕರು, ಅವನು ನಿಂತ. ಅದೇ ಸುತ್ತಿನಲ್ಲಿ ಆಚೆ ಬದುವಿನಿಂದ ಒಂದು ಹುಡುಗಿ "ಮಂದಿ! ಮಂದಿ!" ಅಂತ ಕೂಗಿದಳು. ಜೋಳದ ಮರೆಯಲ್ಲಿ ಮೇವು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಡ್ರೋನಿನ ದಾರಿಗೆ ಎದ್ದು ನಿಂತಿದ್ದಳು. ಅತ್ತಿಗೆ ತಲೆ ತಿರುಗಿಸಲಿಲ್ಲ, ಯಾರು ಅಂತ ಕೇಳಲಿಲ್ಲ. ಡ್ರೋನನ್ನು ಇದ್ದಲ್ಲೇ ನಿಲ್ಲಿಸಿ ಮೇಲಕ್ಕೆ ಎತ್ತಿದರು. ಗದ್ದಲದಲ್ಲಿ ಆ ಒಂದು ಪದ ಅವರಿಗೆ ಕೇಳಿಸಿತು, ಯಾಕೆಂದರೆ ಬೇರೆ ಮಾತಿಗೆ ಅವರು ಕಿವಿ ಕೊಡಬೇಕಾಗಿರಲಿಲ್ಲ.

ಡ್ರೋನಿಗಿಂತ ದೊಡ್ಡದಕ್ಕೂ ಇದೇ ಮಾತು. ನಮ್ಮ ಜಿಲ್ಲೆಯ ಮಂದಿ ಹಾರುವ ಯಂತ್ರವನ್ನು ಹತ್ತಿರದಿಂದ ನೋಡುವುದು ಹೆಚ್ಚಾಗಿ ಚುನಾವಣೆಯಲ್ಲಿ. ಶಾಲೆಯ ಮೈದಾನದಲ್ಲಿ ಸುಣ್ಣದಿಂದ ವೃತ್ತ ಬರೆದು ಹೆಲಿಪ್ಯಾಡ್ ಮಾಡುತ್ತಾರೆ, ಊರಿಗೆ ಊರೇ ಓಡಿ ಬರುತ್ತದೆ. 2023ರ ಮಾರ್ಚ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಸುತ್ತಲಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳು ಗಾಳಿಗೆ ಎದ್ದವು. ಪೈಲಟ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿದರು, ಮೈದಾನ ಸ್ವಚ್ಛ ಮಾಡಿದ ಮೇಲೆ ಇಳಿಸಿದರು. ಅದೇ ವರ್ಷ ಮೇ 2ರಂದು ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹೊಸಕೋಟೆ ಹತ್ತಿರ ಹಕ್ಕಿ ಬಡಿದು ಮುಂದಿನ ಗಾಜೇ ಒಡೆಯಿತು, ಪೈಲಟ್ ಎಚ್‌ಎಎಲ್ ನಿಲ್ದಾಣಕ್ಕೆ ತಂದು ಸುರಕ್ಷಿತವಾಗಿ ಇಳಿಸಿದರು. ಹಕ್ಕಿಗೆ ನಾವು ನಿಯಮ ಹೇಳಲಿಕ್ಕೆ ಆಗುವುದಿಲ್ಲ. ಪ್ಲಾಸ್ಟಿಕ್ಕು ಮತ್ತು ಮಂದಿ ನಮ್ಮ ಕೈಯಲ್ಲಿರುವುದು. ಇಳಿಯುವ ಹೆಲಿಕಾಪ್ಟರಿನ ಪೈಲಟ್‌ಗೆ ಪ್ರತಿ ಹುಡುಗ, ಪ್ರತಿ ಬ್ಯಾನರ್, ಪ್ರತಿ ಹಾರುವ ಟವೆಲ್ಲು ನೋಡಲೇಬೇಕಾದ ಇನ್ನೊಂದು ವಸ್ತು. ನೋಡಬೇಕಾದದ್ದು ಹೆಚ್ಚಾದಷ್ಟೂ ಒಂದೊಂದಕ್ಕೆ ಸಿಗುವ ಸೆಕೆಂಡು ಕಡಿಮೆ.

ಇನ್ನು ನಮ್ಮ ಪಾಲಿನ ಮಾತು. ನಾವು ನಾಳೆ ಪೈಲಟ್ ಆಗದಿರಬಹುದು. ಪೈಲಟ್ ನೋಡುವ ಪರದೆ, ಒತ್ತುವ ಗುಂಡಿ, ಕೇಳುವ ಸದ್ದು ಮಾಡುವವರು ನಮ್ಮಲ್ಲೇ ಕೆಲವರು. ಅತ್ತಿಗೆಯ ರಿಮೋಟಿನಲ್ಲಿ ಟ್ಯಾಂಕ್ ಖಾಲಿಯಾದರೂ, ಬ್ಯಾಟರಿ ಇಳಿದರೂ, ಸಿಗ್ನಲ್ ದುರ್ಬಲವಾದರೂ ಒಂದೇ ಥರದ ಬೀಪ್ ಬರುತ್ತದೆ. "ಎಲ್ಲಾದಕ್ಕೂ ಒಂದ ಥರಾ ಒದರತೈತಿ, ಪ್ರತಿ ಸಲ ಕೆಳಗ ನೋಡಬೇಕು" ಅನ್ನುತ್ತಾರೆ ಅವರು. ಡ್ರೋನ್ ಎರಡು ಮೀಟರ್ ಎತ್ತರದಲ್ಲಿರುವಾಗ ಕಣ್ಣು ಪರದೆಗೆ ಇಳಿಸುವುದು ಅಂದರೆ ಏನು ಅಂತ ಮೇಲಿನ ಲೆಕ್ಕ ಹೇಳುತ್ತದೆ. ಟ್ಯಾಂಕ್ ಖಾಲಿಯಾದದ್ದು ಎರಡು ಸೆಕೆಂಡು ತಡವಾಗಿ ತಿಳಿದರೂ ನಡೆಯುತ್ತದೆ. ಸಿಗ್ನಲ್ ಹೋದದ್ದು ತಡವಾಗಿ ತಿಳಿದರೆ ನಡೆಯುವುದಿಲ್ಲ. ಎರಡಕ್ಕೂ ಒಂದೇ ಸದ್ದು ಇಟ್ಟವರು ಬಹುಶಃ ಹೊಲಕ್ಕೆ ಹೋಗಿ ನಿಂತು ನೋಡಿರಲಿಕ್ಕಿಲ್ಲ. ಪ್ರಾಜೆಕ್ಟಿಗೆ ಅಲಾರ್ಮ್ ಹಾಕುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಯಾವ ಹೊತ್ತಿನಲ್ಲಿ ಕೂಗುತ್ತದೆ, ಆಗ ಆ ಮನುಷ್ಯ ಏನು ಮಾಡುತ್ತಿರುತ್ತಾನೆ ಅನ್ನುವುದು. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಮೂರು ಬೇರೆ ಬೇರೆ ಸದ್ದಿನ, ಕೈಗೆ ನಡುಕ ತಿಳಿಯುವ ಒಂದು ಸಣ್ಣ ಸರ್ಕ್ಯೂಟ್ ಮಾಡುತ್ತಿದ್ದೇವೆ. ಮಿನಿ ಪ್ರಾಜೆಕ್ಟಿಗೆ ಆಗುತ್ತದೆ, ಮುಗಿದರೆ ಮೊದಲು ಪರೀಕ್ಷೆ ಮಾಡುವವರು ಅತ್ತಿಗೆ.

ವಿದ್ಯಾಗಿರಿಯಲ್ಲಿ ಟೆಕ್ ಫೆಸ್ಟ್ ಬಂದಾಗ ಡ್ರೋನ್ ಹಾರಿಸುವ ಹುಡುಗನ ಸುತ್ತ ನಾವು ಹೇಗೆ ಮುತ್ತಿಕೊಳ್ಳುತ್ತೇವೆ ಅಂತ ನಿಮಗೆಲ್ಲ ಗೊತ್ತು. "ಎಷ್ಟಕ್ ತಗೊಂಡಿ? ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್? ನನಗೊಂದ್ ಸಲ ಕೊಡೋ" ಎಲ್ಲ ಅದು ತಲೆಯ ಮೇಲಿರುವಾಗಲೇ. ಈ ಸಲ ಕನ್ನಡ ಸಂಘದವರು, ಡ್ರೋನ್ ಕ್ಲಬ್ಬಿನವರು ಸೇರಿ ಒಂದು ಕೆಂಪು ಹಗ್ಗ ತನ್ನಿ. ಹಗ್ಗದ ಹೊರಗೆ ದನಿ ಇರುವ ಒಬ್ಬರನ್ನು ನಿಲ್ಲಿಸಿ. ಖರ್ಚು ಐವತ್ತು ರೂಪಾಯಿ.

ಹಗ್ಗ ಕಟ್ಟಲಾಗದ ಕಡೆಯೂ ಒಂದಿದೆ. ಇಳಕಲ್ಲಿನಿಂದ ಹುನಗುಂದ ದಾಟಿ ಬಾಗಲಕೋಟೆಗೆ ದಿನಾ ಬೈಕಿನಲ್ಲಿ ಬರುವ ಗೆಳೆಯರು ನಮ್ಮಲ್ಲಿದ್ದಾರೆ. "ಗಾಡಿ ಓಡಿಸುವಾಗ ಫೋನ್ ಎತ್ತಬೇಡ" ಅಂತ ಅವರಿಗೆ ಎಲ್ಲರೂ ಹೇಳುತ್ತಾರೆ. ಫೋನ್ ಹಚ್ಚುವವರಿಗೆ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಅವರು ರಸ್ತೆಯ ಮೇಲಿರುತ್ತಾರೆ ಅಂತ ನಮಗೆ ಗೊತ್ತಿರುತ್ತದೆ, ಆದರೂ ಅಸೈನ್‌ಮೆಂಟ್ ಕೇಳಲು ಅದೇ ಹೊತ್ತಿಗೆ ಫೋನ್ ಹೋಗುತ್ತದೆ. ಒಂಬತ್ತಕ್ಕೆ ಕ್ಲಾಸಿನಲ್ಲಿ ಸಿಗುತ್ತಾರೆ, ಆಗ ಕೇಳಿದರಾಯಿತು. ಅಕಸ್ಮಾತ್ ಎತ್ತಿ "ಹೇಳಪಾ, ಗಾಡಿ ಮ್ಯಾಲ ಅದೀನಿ" ಅಂದರೆ ವಿಷಯ ಹೇಳಲು ಹೋಗಬೇಡಿ. "ಆಮ್ಯಾಲ ಮಾತಾಡೂಣು" ಅಂತ ಇಟ್ಟುಬಿಡಿ.